ಉಪಗ್ರಹಕ್ಕೆ ಸಾಕ್ಷಿ ನಿಂತ ಗುಣಪಾಲ

ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಗುಣಪಾಲ ಮೂವತ್ತು ವರ್ಷ ನಿಂತಿದ್ದ. ಅವನ ಕೆಲಸ ಸಮುದ್ರವನ್ನು ನೋಡುವುದು. ರಂಪಣಿಯ ಕಾಲದಲ್ಲಿ ಎಂಬತ್ತು ಜನ ದಡದಿಂದಲೇ ಆ ದೊಡ್ಡ ಬಲೆಯನ್ನು ಎಳೆಯುತ್ತಿದ್ದರು. ಗುಣಪಾಲ ಹೆಗಲ ಮೇಲಿನ ಬೈರಾಸು ಬೀಸಿ ಮೀನು ಬಂತೆಂದು ತಿಳಿಸುವವರೆಗೆ ಅಷ್ಟೂ ಜನ ದಡದ ಹೊಯಿಗೆಯಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ನೀರಿನ ಬಣ್ಣ ತುಸು ಬದಲಾದರೂ ಸಾಕು, ಬಂಗುಡೆ ಮೀನಿನ ಗುಂಪು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಆಮೇಲೆ ಯಂತ್ರದ ಪರ್ಸಿನ್ ಬೋಟುಗಳು ಬಂದು, ಮೀನು ದಡಕ್ಕೆ ಬರುವ ಮೊದಲೇ ಸುತ್ತುವರಿದು ಬಾಚಿಕೊಂಡವು. ರಂಪಣಿ ಬಲೆ ಅಟ್ಟ ಸೇರಿತು. ಗುಣಪಾಲ ಮಾತ್ರ ಬೆಳಿಗ್ಗೆಯಾದರೆ ಬಂಡೆ ಹತ್ತುವುದನ್ನು ಬಿಡಲಿಲ್ಲ.

ಅವನ ತಂಗಿಯ ಮಗ ಅಂಗಾರನೇ ಅಂಥದೊಂದು ಬೋಟಿಗೆ ಪಾಲುದಾರ. "ಮಾವ, ಇನ್ನು ನಿಮ್ಮ ಕಣ್ಣಿಗೆ ಪೆನ್ಶನ್ ಕೊಡಿ" ಎಂದು ಅವನು ನಾಲ್ಕು ಜನರೆದುರು ನಗೆಯಾಡುತ್ತಿದ್ದ. ಅದು ಗುಣಪಾಲನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ತನ್ನ ಕಣ್ಣಿಗೆ ಇನ್ನೂ ಬೆಲೆ ಉಂಟೆಂದು ಅಂಥದೇ ನಾಲ್ಕು ಜನರೆದುರು ಯಾರಾದರೂ ಹೇಳಬೇಕು. ಅವನಿಗೆ ಬೇಕಾದದ್ದು ಅದೊಂದೇ.

ಎಂಬತ್ತೊಂದರ ಸೆಪ್ಟೆಂಬರಿನಲ್ಲಿ ಆ ಯಾರಾದರೂ ಬಂದೇಬಿಟ್ಟರು. ಹೆಸರು ಲಿಯೋನೆಲ್. ತಾಯಿಯ ಮನೆ ಕಾರ್ಕಳ, ಬೆಳೆದದ್ದು ಬೊಂಬಾಯಿ, ತುಳು ಬಾರದು. ಯಾವುದೋ ಸಂಶೋಧನಾ ಕಚೇರಿಯವರು ಕಳುಹಿಸಿದ್ದರು.

"ಹದಿನೆಂಟು ದಿನಕ್ಕೊಮ್ಮೆ ಬೆಳಿಗ್ಗೆ ಒಂಬತ್ತೂವರೆಗೆ ಇಲ್ಲಿ ಮೇಲಿನಿಂದ ಒಂದು ಉಪಗ್ರಹ ಹೋಗುತ್ತದೆ, ಗುಣಪಾಲರೇ. ಸಮುದ್ರದ ಚಿತ್ರ ತೆಗೆಯುತ್ತದೆ. ಮೀನು ಇರುವ ನೀರಿನ ಬಣ್ಣ ಬೇರೆ ಅಲ್ವಾ? ಅದು ಚಿತ್ರದಲ್ಲಿ ಕಾಣುತ್ತದಾ ಎಂದು ನಮಗೆ ಗೊತ್ತಾಗಬೇಕು."

"ಅಷ್ಟು ಮೇಲೆ ಹೋದದ್ದಕ್ಕೆ ನನ್ನ ಕಣ್ಣು ಎಂತಕ್ಕೆ ಮಾರಾಯ್ರೇ?"

"ಅದು ಹೇಳಿದ್ದು ಸರಿಯಾ ತಪ್ಪಾ ಎಂದು ಹೇಳಲಿಕ್ಕೆ ಕೆಳಗೆ ಒಬ್ಬರು ಬೇಕು."

ಗುಣಪಾಲನ ಎದೆ ಹಿಗ್ಗಿತು. ಉಪಗ್ರಹ ಹಾಯುವ ದಿನ ಅವನು ಗಡ್ಡ ಬೋಳಿಸಿ, ಒಗೆದ ಅಂಗಿ ಹಾಕಿ, ಲಿಯೋನೆಲ್ ಕೊಟ್ಟ ಫಾರಂ ಹಿಡಿದು ಬಂಡೆ ಹತ್ತುತ್ತಿದ್ದ. "ಫೋಟೋ ತೆಗೆಯುವುದು ನೀರಿನದ್ದು, ನಿಮ್ಮದ್ದಲ್ಲ" ಎಂದು ಹೆಂಡತಿ ಸರಸ ಮೀನಿನ ಬುಟ್ಟಿ ತಲೆಗೇರಿಸುತ್ತಾ ಹೇಳುತ್ತಿದ್ದಳು.

ಮೊದಲ ಎರಡು ಸಲ ಸಮುದ್ರ ಖಾಲಿ ಇತ್ತು, ಹಾಗೆಯೇ ಬರೆದ. ಮೂರನೆಯದು ಅಕ್ಟೋಬರ್ ಇಪ್ಪತ್ತು. ಬಂಡೆಯ ನೇರಕ್ಕೆ ನೀರು ಕೆಂಪಗೆ ಕಪ್ಪಾಗಿ ಹರಡಿಕೊಂಡಿತ್ತು. ಬಂಗುಡೆ! ಎಷ್ಟೋ ವರ್ಷದಿಂದ ಅಂಥ ಗುಂಪನ್ನು ಅವನು ಕಂಡಿರಲಿಲ್ಲ. ಕೈ ತಾನಾಗಿ ಬೈರಾಸಿಗೆ ಹೋಯಿತು. ಕೆಳಗೆ ಹೊಯಿಗೆಯಲ್ಲಿ ಒಬ್ಬನೂ ಇರಲಿಲ್ಲ. ಅವನಿಗೆ ಅಳು ಬಂತು.

ಆಮೇಲೆ ಫಾರಂ ತೆಗೆದು 'ಬಣ್ಣ: ಮಾಮೂಲು. ಮೀನು: ಇಲ್ಲ' ಎಂದು ಬರೆದ.

ಬೇರೇನು ಬರೆದಾನು? ಬಂಡೆಯ ಮೇಲೆ ನಿಂತವನು ಹೊರಗಿನವರಿಗೆ ಮೀನಿನ ಸುಳಿವು ಕೊಡಬಾರದು. ಪಕ್ಕದೂರಿನ ರಂಪಣಿಯವರು ಕೇಳಲಿ, ನೆಂಟರೇ ಕೇಳಲಿ, "ಎಂತದೂ ಇಲ್ಲ" ಎನ್ನಬೇಕು. ಮೂವತ್ತು ವರ್ಷ ಅದನ್ನೇ ಹೇಳಿದವನು ಗುಣಪಾಲ. ಲಿಯೋನೆಲ್ ಒಳ್ಳೆಯವನೇ, ಆದರೆ ಕಾಗದ ಯಾರ್ಯಾರ ಕೈಗೆ ಹೋಗುತ್ತದೆಂದು ಯಾರು ಕಂಡರು? ಎಳೆಯಲು ಬಲೆಯೂ ಇಲ್ಲ, ಜನವೂ ಇಲ್ಲ, ಗುಟ್ಟನ್ನು ಮಾತ್ರ ಪಾಪ, ಜೋಪಾನವಾಗಿ ಕಾಯ್ದ. ಅನಂತರ ಮತ್ತೆರಡು ಸಲ ಮೀನು ಕಂಡಾಗಲೂ ಹಾಗೆಯೇ ಬರೆದ.

ಏಪ್ರಿಲಿನಲ್ಲಿ ಮಣಿಪಾಲದ ಒಂದು ಹಾಲ್‌ನಲ್ಲಿ ಆ ಚಿತ್ರಗಳ ಬಗ್ಗೆ ಸಭೆ. ಲಿಯೋನೆಲ್ ಹೊಗಳುವುದನ್ನು ಕಿವಿಯಾರೆ ಕೇಳಲಿ ಎಂದು ಗುಣಪಾಲ ಅಂಗಾರನನ್ನು ತಾನೇ ಕರೆದುಕೊಂಡು ಹೋಗಿದ್ದ. ಲಿಯೋನೆಲ್ ಗೋಡೆಯ ಮೇಲೆ ಚಿತ್ರ ಬಿಟ್ಟು, ಕಾಪುವಿನೆದುರಿನ ಕಪ್ಪು ಕಲೆಯನ್ನು ಕೋಲಿನಿಂದ ತೋರಿಸಿದ.

"ಅಕ್ಟೋಬರ್ ಇಪ್ಪತ್ತು. ಇದು ಮೀನಿನ ಗುರುತು ಎಂದು ನಾವು ತಿಳಿದಿದ್ದೆವು. ಗುಣಪಾಲರು ಇಲ್ಲ ಎಂದರು. ಮೂರು ಸಲ ಹೀಗೇ ಆಯಿತು. ಮೂವತ್ತು ವರ್ಷದ ಕಣ್ಣು ಅವರದ್ದು. ನಾವು ಉಪಗ್ರಹವನ್ನು ಬಿಟ್ಟು ಗುಣಪಾಲರನ್ನು ನಂಬಿದ್ದೇವೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗುಣಪಾಲ ಬಯಸಿದ್ದ ಮಾತು ಅದೇ, ಆದರೆ ಅವನು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಅಂಗಾರ ಎದ್ದು ನಿಂತ.

"ಅದು ದೀಪಾವಳಿಗೆ ಒಂದು ವಾರ ಇರುವಾಗ ಅಲ್ವಾ? ಆ ದಿನ ಮಧ್ಯಾಹ್ನ ಅಲ್ಲಿಯೇ ನಮ್ಮ ಬೋಟು ತುಂಬಿದ್ದು! ಮಾವ, ನಿಮಗೆ ಕಾಣಲಿಲ್ಲವಾ?"

"ಕಂಡಿತ್ತು" ಎಂದ ಗುಣಪಾಲ. "ಹೇಳಲಿಲ್ಲ, ಅಷ್ಟೇ."

ಕಣ್ಣು ಕಾಣದವನ ನೆಪವೆಂದು ತಿಳಿದು ಸಭೆ ಗೊಳ್ಳೆಂದು ನಕ್ಕಿತು. ಲಿಯೋನೆಲ್ ಮಾತ್ರ ನಗಲಿಲ್ಲ. ಕಣ್ಣು ಮಂದವೆಂದು ಬರೆಸಿಯಾದರೂ ವಯಸ್ಸಾದವರ ಮಾನ ಕಾಯಬೇಕೆಂದು ಮರುದಿನ ಅವನೇ ಗುಣಪಾಲನನ್ನು ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ದ. ಡಾಕ್ಟರು ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ಓದಿಸಿದರು. "ಈ ಪ್ರಾಯದಲ್ಲಿ ಇಂಥ ಕಣ್ಣು ನಾನು ನೋಡಿಲ್ಲ" ಎಂದು ಹೇಳಿ, ಅದನ್ನೇ ಬರೆದು ಸಹಿ ಹಾಕಿ ಕೊಟ್ಟರು. ಲಿಯೋನೆಲ್ ಆ ಚೀಟಿಯನ್ನು ಎರಡು ಸಲ ಓದಿದ. ಅದನ್ನು ಗುಣಪಾಲನ ಕೈಗಿಟ್ಟು ಅವನನ್ನು ಬಸ್ಸು ಹತ್ತಿಸಿದ.

ಮನೆಗೆ ಬಂದು ಗುಣಪಾಲ ಚೀಟಿಯನ್ನು ಸರಸಳ ಕೈಗಿತ್ತ. "ಕಣ್ಣಲ್ಲಿ ಎಂತ ದೋಷವೂ ಇಲ್ಲವಂತೆ. ಅಂಗಾರನಿಗೆ ತೋರಿಸಿ ಬರುತ್ತೇನೆ."

ಸರಸ ಅದನ್ನು ಮಡಚಿ ಅಕ್ಕಿ ಡಬ್ಬಿಯ ತಳಕ್ಕೆ ತುರುಕಿದಳು.

"ಈಗ ಊರಿಗೆಲ್ಲ ನೀವು ಕುರುಡರು ಮಾತ್ರ" ಎಂದಳು. "ಇದನ್ನು ತೋರಿಸಿದರೆ ಸುಳ್ಳುಗಾರರೂ ಆಗುತ್ತೀರಿ."