ಡಾಕ್ಟರಿಗಿಂತ ಮೇಲಿನ ಓದು

ಬೋಳಾರದ ನಮ್ಮ ಮನೆಯ ಜಗಲಿಗೆ ಭಾವನನ್ನು ಹೊತ್ತು ತಂದ ಆ ಬೆಳಿಗ್ಗೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಉಣ್ಣುವಾಗ, ದಾರಿ ನಡೆಯುವಾಗ, ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ನೆನಪಿನಲ್ಲಿ ಒಮ್ಮೊಮ್ಮೆ ಭಾವ ಬದುಕುವುದಿಲ್ಲ.

ನಾನು ಆಗಷ್ಟೇ ಬಿ.ಎ. ಪಾಸಾಗಿದ್ದೆ. ಸಮುದ್ರಕ್ಕೆ ಹೋಗುವ ನಮ್ಮ ಕುಟುಂಬಗಳಲ್ಲಿ ಅಲ್ಲಿಯ ತನಕ ಮೆಟ್ರಿಕ್ ದಾಟಿದವರಿರಲಿಲ್ಲ. ಮದ್ರಾಸಿನಿಂದ ಫಲಿತಾಂಶ ಬಂದಾಗ ಅಪ್ಪ ನೆರೆಯವರನ್ನು ಊಟಕ್ಕೆ ಕರೆದರು. ನಮ್ಮವರ ವ್ಯಾಜ್ಯಗಳಿಗೆಲ್ಲ ಕೊನೆಯ ಮಾತು ಹೇಳುವ ಗುರಿಕಾರರು ಈ ಓದುಗಳಲ್ಲಿ ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ವಿಚಾರಿಸಿದರು. ಮೆಟ್ರಿಕ್ ಆದ ಮೇಲೆ ಎರಡು ವರ್ಷ ಇಂಟರ್‌ಮೀಡಿಯೆಟ್, ಮತ್ತೆರಡು ವರ್ಷ ಬಿ.ಎ., ಅದರಾಚೆ ಎಂ.ಎ. ಎಂದು ಅಪ್ಪ ಬಿಡಿಸಿ ಹೇಳಿದರು. ಗುಡ್ಡದ ಮೇಲೆ ಫಳ್ನೀರಿನಲ್ಲಿರುವ ಡಾಕ್ಟರ ಓದು ಎಲ್ಲಿ ಬರುತ್ತದೆ ಎಂಬ ಪ್ರಶ್ನೆ ಎದ್ದಿತು. ಅವರದ್ದು ಎಲ್.ಎಂ.ಪಿ., ಮೆಟ್ರಿಕ್ ಮುಗಿಸಿ ನೇರ ವೈದ್ಯಶಾಲೆಗೆ ಸೇರಿದವರು, ಅದು ಯೂನಿವರ್ಸಿಟಿಯ ಪದವಿಯಲ್ಲ ಎಂದರು ಅಪ್ಪ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಗಾದರೆ ನಮ್ಮ ಹುಡುಗ ಡಾಕ್ಟರಿಗಿಂತ ಮೇಲೆ ಎಂದು ಗುರಿಕಾರರು ತೀರ್ಪು ಕೊಟ್ಟರು. ಎಲ್ಲರಿಗೂ ಖುಷಿಯಾಯಿತು.

ಕೆಲವೇ ದಿನಗಳಲ್ಲಿ ಅಕ್ಕನ ಗಂಡನಿಗೆ ತೊರಕೆ ಮೀನು ಹೊಡೆಯಿತು. ಬಲೆಯಿಂದ ಬಿಡಿಸುವಾಗ ಅದರ ಬಾಲದ ಮುಳ್ಳು ತೊಡೆಯೊಳಕ್ಕೆ ಇಳಿದು ಮುರಿದಿತ್ತು. ದೋಣಿಯಲ್ಲೇ ಹೆಗಲ ಮೇಲಿನ ಬೈರಾಸಿನಿಂದ ಬಿಗಿದು ಕಟ್ಟಿದ್ದರು. ಆದರೆ ಅಲ್ಲಿಂದ ಫಳ್ನೀರಿಗೆ ಹೋಗುವ ಬದಲು, ಗುರಿಕಾರರ ಮಾತಿನಂತೆ, ಭಾವನನ್ನು ನೇರ ನನ್ನ ಮುಂದೆ ತಂದು ಮಲಗಿಸಿದರು.

ಭಾವನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬೈರಾಸು ತೊಯ್ದು ರಕ್ತ ಚಾಪೆಗೆ ಇಳಿಯುತ್ತಿತ್ತು. ಡಾಕ್ಟರಲ್ಲಿಗೆ ಕೊಂಡುಹೋಗಿ, ನನಗೆ ಇದು ಗೊತ್ತಿಲ್ಲ ಎಂದೆ. ಯಾರೂ ಅಲುಗಲಿಲ್ಲ. ಕಲಿತವರು ಹಾಗೆಯೇ ತಗ್ಗಿ ಮಾತಾಡುವುದು ಎಂದು ಅವರಿಗೆ ಅನ್ನಿಸಿರಬೇಕು.

"ನಾಚಿಕೆ ಎಂತದು ಮಾರಾಯ? ಮೇಲೆ ಓದಿದವನು ನೀನು. ಮುಳ್ಳು ಎಳಿ," ಎಂದರು ಗುರಿಕಾರರು.

ನನ್ನನ್ನು ಹೆಚ್ಚು ಹೆದರಿಸಿದ್ದು ಅವರ ಮಾತಲ್ಲ, ಉಳಿದವರ ಕೈಗಳು. ಸಮುದ್ರದ ಮಧ್ಯೆ ಇಂಥ ಎಷ್ಟೋ ಗಾಯಗಳನ್ನು ಕಟ್ಟಿದ ಗಂಡಸರು ಅವರು. ದೊಡ್ಡವರ ಎದುರು ಸಣ್ಣವರು ಕೈಹಾಕಬಾರದೆಂಬ ನಮ್ಮಲ್ಲಿಯ ಮರ್ಯಾದೆಗೆ ಕಟ್ಟುಬಿದ್ದು, ಸಡಿಲವಾಗುತ್ತಿದ್ದ ಬೈರಾಸನ್ನು ಬಿಗಿಯಲೂ ಒಬ್ಬರೂ ಮುಂದೆ ಬರಲಿಲ್ಲ. ಈಗ ಅವರ ಲೆಕ್ಕದಲ್ಲಿ ದೊಡ್ಡವನು ನಾನು; ನಾನು ಅಲ್ಲಿ ನಿಂತಿರುವಷ್ಟು ಹೊತ್ತು ಭಾವನನ್ನು ಮುಟ್ಟುವವರಿಲ್ಲ. ಒಳಗೆ ಓಡಿಹೋದರೆ ನನ್ನನ್ನು ಕಾಯುತ್ತ ಕೂರುತ್ತಾರೆ. ಅಪ್ಪನ ಮುಖ ನೋಡಿದೆ. ಗುರಿಕಾರರ ತೀರ್ಪಿಗೆ ಎದುರು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ನಾನು ಮೊಣಕಾಲೂರಿ ಬೈರಾಸಿನ ತುದಿ ಹಿಡಿದೆ. ಬಿಗಿಯಹೋದರೆ ಗಂಟು ಇನ್ನಷ್ಟು ಸಡಿಲವಾಯಿತು. ಬಿಸಿ ರಕ್ತ ನನ್ನ ಅಂಗೈ ತುಂಬಿತು. ಭಾವ ಕಣ್ಣು ತೆರೆದು ನನ್ನನ್ನು ನೋಡಿದ. ಆ ನೋಟದಲ್ಲಿ ಭಯವಿರಲಿಲ್ಲ. ನಾನಿದ್ದೇನಲ್ಲ ಎಂಬ ಸಮಾಧಾನವಿತ್ತು. ಅದನ್ನೇ ನನಗೆ ತಾಳಲಾಗಲಿಲ್ಲ.

ಅಷ್ಟರಲ್ಲಿ ಮೀನು ಮಾರಲು ಹೋಗಿದ್ದ ಅಕ್ಕ ಬುಟ್ಟಿ ಬಿಸಾಡಿ ಓಡಿಬಂದಳು. ಗಂಡನ ಬಳಿ ಕುಳಿತು ನನ್ನನ್ನು ಕೇಳಿದಳು: "ತಮ್ಮ, ನಿನ್ನ ಪುಸ್ತಕದಲ್ಲಿ ಎಂತ ಉಂಟು?"

"ರಾಜರ ಚರಿತ್ರೆ, ಅಕ್ಕ. ಇಂಗ್ಲಿಷ್ ಪದ್ಯ."

"ಗಾಯದ್ದು?"

"ಒಂದು ಅಕ್ಷರ ಇಲ್ಲ."

ಅವಳು ಗುರಿಕಾರರತ್ತ ತಿರುಗಿದಳು. "ಕೇಳಿದಿರಲ್ಲ? ಇವನ ಓದು ಎಷ್ಟು ಮೇಲಿದ್ದರೂ ಅದು ಬೇರೆ ಓದು. ಎತ್ತಿ ಇವರನ್ನು. ಇಲ್ಲದಿದ್ದರೆ ನಾನೇ ಹೊರ್ತೇನೆ."

ಗಂಡಸರ ಎದುರು ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಬ್ಬ ಎದ್ದು ಬೈರಾಸನ್ನು ಎಳೆದು ಬಿಗಿದ. ಹಾಯಿಬಟ್ಟೆಯನ್ನು ಹುಟ್ಟಿಗೆ ಕಟ್ಟಿ ಭಾವನನ್ನು ಅದರಲ್ಲಿ ಮಲಗಿಸಿದರು. ಏರು ದಾರಿಯುದ್ದಕ್ಕೂ ನಾನು ಪಕ್ಕದಲ್ಲೇ ಓಡುತ್ತ, ಅವನ ಎದೆ ಏಳುತ್ತಿದೆಯೇ ಎಂದು ನೋಡುತ್ತಿದ್ದೆ.

ಡಾಕ್ಟರು ಮುಳ್ಳನ್ನು ಎಳೆಯಲಿಲ್ಲ. ಮಾಂಸ ಕೊಯ್ದು ಬಿಡಿಸಿದರು. ಅದರ ಅಂಚು ಗರಗಸದಂತಿತ್ತು. ಎಳೆದಿದ್ದರೆ ರಕ್ತನಾಳ ಹರಿದು ಜಗಲಿಯಲ್ಲೇ ಮುಗಿಯುತ್ತಿತ್ತು ಎಂದು ಕೈ ತೊಳೆಯುತ್ತ ಹೇಳಿದರು. ನಾನು ಹೊರಗೆ ಬಂದು ಅಂಗೈಯಲ್ಲಿ ಒಣಗಿದ್ದ ರಕ್ತವನ್ನು ಗೋಡೆಗೆ ಉಜ್ಜಿದೆ.

ಭಾವ ಕುಂಟುತ್ತ ಮತ್ತೆ ದೋಣಿ ಹತ್ತಿದ. ಆದರೆ ನನ್ನ ಹೆದರಿಕೆ ಇಳಿಯಲಿಲ್ಲ. ಬಿ.ಎ. ಆದವನು ಜೊತೆಯಲ್ಲಿ ಹೋದದ್ದಕ್ಕೇ ಆ ಎಲ್.ಎಂ.ಪಿ. ಡಾಕ್ಟರು ಇಷ್ಟು ಜಾಗ್ರತೆ ಮಾಡಿದ್ದು ಎಂದು ಗುರಿಕಾರರು ಎಲ್ಲ ಕಡೆ ಹೇಳಿಕೊಂಡು ಬಂದರು. ಮಳೆಗಾಲಕ್ಕೆ ಮುಂಚೆ ಒಬ್ಬ ಹೆಂಗಸು ಸೆಳವು ಬಂದ ಮಗುವನ್ನು ಎತ್ತಿಕೊಂಡು ನಮ್ಮ ಅಂಗಳದಲ್ಲಿ ನಿಂತಳು. ಈ ಸಲ ನಾನು ಏನೂ ವಿವರಿಸಲಿಲ್ಲ. ಮಗುವನ್ನು ಅವಳ ಕೈಯಿಂದ ತೆಗೆದುಕೊಂಡು ಫಳ್ನೀರಿಗೆ ಓಡಿದೆ.