ಮೂರು ಕೆಂಪು ಕಾರ್ಡು

ಇತಿಹಾಸದ ಮೇಷ್ಟ್ರುಗಳಿಗೆ ಪಾಠ ಹೇಳುವ ಕೆಲಸ ನನ್ನದಾಗಿತ್ತು. ದಾವಣಗೆರೆಯ ವಿದ್ಯಾನಗರದ ಒಂದು ಸಭಾಂಗಣ, ಐದು ದಿನದ ತರಬೇತಿ, ನಲವತ್ತು ಮಂದಿ ಪ್ರೌಢಶಾಲಾ ಶಿಕ್ಷಕರು. ಇದರ ಹಿಂದೆ ಇದ್ದವರು ಇಬ್ಬರೇ: ಸಂಯೋಜಕಿ ಮೇಡಂ ಮತ್ತು ನಾನು. ಹಾಜರಿ, ಊಟ, ಬಸ್ಸು, ಮೇಲಿನವರ ಜೊತೆ ವ್ಯವಹಾರ ಅವರದು. ಬುದ್ಧಿ ನನ್ನದು ಎಂದು ನಾನು ತಿಳಿದಿದ್ದೆ.

ಕೆಂಪು ಕಾರ್ಡು ನನ್ನ ಬುದ್ಧಿಯ ಕೂಸು. ಮೊದಲ ದಿನವೇ ಎಲ್ಲರಿಗೂ ಅಂಗೈ ಅಗಲದ ಕೆಂಪು ರಟ್ಟು ಹಂಚುತ್ತಿದ್ದೆವು. ಯಾರಾದರೂ ಆಧಾರ ಹೇಳದೆ ಮಾತಾಡಿದರೆ ಕೇಳುವವರು ಅದನ್ನು ಎತ್ತಬೇಕು. ಮೂರು ಕಾರ್ಡು ಎದ್ದರೆ ಮಾತಾಡುವವರು ಅಲ್ಲಿಗೇ ನಿಲ್ಲಿಸಿ ಕೂರಬೇಕು. ತರಬೇತಿ ಕೊಡುವ ನಾವು ಮಾತ್ರ ಎತ್ತುವಂತಿಲ್ಲ; ಎತ್ತಿದರೆ ಅದು ತೀರ್ಪಾಗಿಬಿಡುತ್ತದೆ. ವರ್ಷಾನುಗಟ್ಟಲೆ 'ಅದು ಸುವರ್ಣಯುಗ' ಎಂದು ಧೈರ್ಯವಾಗಿ ಹೇಳಿಕೊಂಡು ಬಂದವರು ಮೂರನೇ ದಿನದ ಹೊತ್ತಿಗೆ ತಮ್ಮ ಶಾಲೆ ಶುರುವಾದ ವರ್ಷ ಹೇಳಲೂ ತಡವರಿಸುತ್ತಿದ್ದರು. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಮೇಡಂ ಕೇಳುತ್ತಿದ್ದರು: "ಇವತ್ತು ಯಾರ್‍ಯಾರನ್ನ ಕೂರ್ಸಿದ್ರಿ?" ನಾನು ಅವರವರ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಒಂದು ಸಲದ ತಂಡದಲ್ಲಿ ಲೋಕಿಕೆರೆ ಕಡೆಯ ಒಬ್ಬ ಹಿರಿಯ ಮೇಷ್ಟ್ರು ಇದ್ದರು. ಸದಾ ಹಿಂದಿನ ಸಾಲು. ಅವರು ಒಮ್ಮೆಯೂ ಕಾರ್ಡು ಎತ್ತಿದ್ದನ್ನು ನಾನು ನೋಡಲಿಲ್ಲ. ನಾಲ್ಕನೇ ದಿನ ಎಲ್ಲರನ್ನೂ ಹರಿಹರಕ್ಕೆ ಕರೆದುಕೊಂಡು ಹೋಗುವಾಗ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು.

"ಸಾರ್, ಕೆಲ್ಸಕ್ಕೆ ಸೇರ್ದಾಗಿಂದ ತರಬೇತಿಗೆ ಬರ್ತಿದೀನ್ರಿ. ಯಾವಾಗ್ಲೂ ಈ ಕಡೆ ಕುರ್ಚೀನೇ. ಒಂದ್ಸಲ ಆ ಕಡೆ ನಿಲ್ಬೇಕು ಅಂತ ಐತೆ. ಇನ್ನಾರು ತಿಂಗ್ಳಿಗೆ ರಿಟೈರ್ಡು."

ಕೊನೆಯ ದಿನ ಮಾದರಿ ಪಾಠ ಇರುತ್ತಿತ್ತು. ಒಬ್ಬರು ಪಾಠ ಮಾಡುವುದು, ಉಳಿದವರು ಮಕ್ಕಳಾಗಿ ಕೂರುವುದು. ಅದರಲ್ಲಿ ಮೆಚ್ಚುಗೆಯಾದ ಒಬ್ಬರನ್ನು ಮುಂದಿನ ತಂಡಕ್ಕೆ ನಮ್ಮ ಜೊತೆ ತರಬೇತುದಾರರನ್ನಾಗಿ ಕರೆಯುತ್ತಿದ್ದೆವು. ಆ ತಂಡಕ್ಕೆ ಇನ್ನು ಎರಡೇ ತಿಂಗಳು ಉಳಿದಿತ್ತು. ಮೇಷ್ಟ್ರು ಕೇಳುತ್ತಿದ್ದುದು ಅದನ್ನೇ.

ಹರಿಹರದಲ್ಲಿ ಉಳಿದವರು ದೇವಸ್ಥಾನದ ಶಾಸನದ ಫೋಟೊ ತೆಗೆಯುತ್ತಿದ್ದಾಗ ಅವರು ನನ್ನನ್ನು ಹೊಳೆಯ ಮೆಟ್ಟಿಲ ಬಳಿ ನಿಲ್ಲಿಸಿದರು. ನಾಲ್ಕೈದು ವರ್ಷದವರಿದ್ದಾಗ ಅವರಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಯೇ ನೆರೆ ತೋರಿಸಿದ್ದನಂತೆ. ಕೆಂಪು ನೀರಿನಲ್ಲಿ ಒಂದು ಬಂಡಿ ತೇಲಿ ಬಂತಂತೆ, ನೊಗ ಸಮೇತ. ಎತ್ತು ಇರಲಿಲ್ಲ. ಅಪ್ಪ ಅವರ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡನಂತೆ.

"ನಾಳೆ ಇದನ್ನೇ ಪಾಠ ಮಾಡ್ಲೇನ್ರಿ? ಬರೆದಿದ್ದು ಏನೂ ಇಲ್ಲ. ನೆನಪು ಅಷ್ಟೇ."

ಇದಕ್ಕೆ ನಾನು ಏನು ಹೇಳಿದೆ? ನನ್ನ ನೆನಪಿನ ಪ್ರಕಾರ, ಏನೂ ಹೇಳಲಿಲ್ಲ. ಶಾಸನದ ಕಡೆಯಿಂದ ಯಾರೋ ಕರೆದರು, ಹೋದೆ. ಹಾಗೆಂದೇ ನಂಬಿದ್ದೆ.

ಮಾರನೆಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೊಳೆ, ಮೆಟ್ಟಿಲು, ಬಂಡಿ. "ಮಕ್ಳೇ, ನಿಮ್ಮನೇಲಿ ನೆರೆ ನೋಡ್ದೋರು ಯಾರಾದ್ರೂ ಅದಾರಾ?" ಎಂದು ಶುರು ಮಾಡಿದರು. ಸಭಾಂಗಣ ಮೌನವಾಯಿತು. ಬೆಳಗಿನಿಂದ ಫೋನು ಒತ್ತುತ್ತಿದ್ದವರೂ ತಲೆ ಎತ್ತಿದರು. ಐದು ದಿನ ನಾನು ಮಾತಾಡಿದಾಗ ಒಂದು ಸಲವೂ ಆ ಮೌನ ಇರಲಿಲ್ಲ.

ನಾನು ಕಾರ್ಡು ಎತ್ತಿದೆ.

ಅವರು ನನ್ನನ್ನು ನೋಡಿದರು. ಮಾತು ನಿಲ್ಲಿಸಲಿಲ್ಲ. ದನಿ ಮಾತ್ರ ಇಳಿಸಿ, ನೊಗ ಸಮೇತ ತೇಲಿ ಬಂದ ಬಂಡಿಯವರೆಗೂ ಹೇಳಿದರು. ನಡುಸಾಲಿನ ಒಬ್ಬ ಮೇಷ್ಟ್ರು ಕಾರ್ಡು ಎತ್ತಿ ಕೂಗಿದ: "ಎತ್ತು ಈಜ್ಕೊಂಡು ಹೋದ್ವೇನ್ರಿ ಗುರುಗಳೇ?" ಎಲ್ಲರೂ ನಕ್ಕರು. ಮೂರು ಎದ್ದರೆ ಸಾಕಾಗಿತ್ತು. ಮೂವತ್ತಕ್ಕೂ ಹೆಚ್ಚು ಎದ್ದವು.

ಮುಂದಿನ ಸಾಲಿನಲ್ಲಿದ್ದ, ಉರ್ದು ಶಾಲೆಯ ಒಬ್ಬ ಟೀಚರ್ ಎದ್ದು ನಿಂತರು. "ನೀವು ಎತ್ತಂಗಿಲ್ಲಲ್ರೀ ಸಾರ್? ಮೊದ್ಲ ದಿನ ನೀವೇ ಹೇಳಿದ್ರಿ."

"ಹಾಗೆ ಹೇಳಿದ್ದಕ್ಕೆ ಆಧಾರ ಏನಮ್ಮ?" ಎಂದೆ.

ಇನ್ನೂ ದೊಡ್ಡ ನಗು. ಮೇಡಂ ಕೂಡ ನಕ್ಕರು. ಮೇಷ್ಟ್ರು ಚಿತ್ರವನ್ನು ನಿಧಾನವಾಗಿ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹಿಂದಿನ ಸಾಲಿಗೆ ಹೋಗಿ ಕೂತರು. ನಾವು ಆರಿಸಿದ್ದು ಎತ್ತಿನ ಜೋಕು ಹೊಡೆದವನನ್ನು. ತರಗತಿಯನ್ನು ಹಿಡಿದಿಡುವ ಶಕ್ತಿ ಇದೆ ಎಂದು ವರದಿಯಲ್ಲಿ ಬರೆದದ್ದು ನಾನೇ.

ಒಂದು ವಾರದ ಮೇಲೆ, ವರದಿಗೆ ಬೇಕೆಂದು ಮೇಡಂ ಎಲ್ಲರ ಅಭಿಪ್ರಾಯದ ಹಾಳೆಗಳನ್ನು ಕೊಟ್ಟರು. ಹೆಚ್ಚಿನವರು 'ಊಟ ಚೆನ್ನಾಗಿತ್ತು' ಎಂದು ಬರೆದಿದ್ದರು. 'ಈ ತರಬೇತಿಯಿಂದ ಕಲಿತದ್ದೇನು' ಎಂಬ ಜಾಗದಲ್ಲಿ ಒಂದು ಹಾಳೆಯಲ್ಲಿ, ಕಪ್ಪು ಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರದಲ್ಲಿ, ಹೀಗಿತ್ತು: 'ನೆನಪೂ ಆಧಾರವೇ, ಧೈರ್ಯವಾಗಿ ಪಾಠ ಮಾಡಿ ಎಂದು ಸಂಪನ್ಮೂಲ ವ್ಯಕ್ತಿಗಳು ಹರಿಹರದಲ್ಲಿ ತಿಳಿಸಿಕೊಟ್ಟರು. ವಂದನೆಗಳು.' ಸಂಪನ್ಮೂಲ ವ್ಯಕ್ತಿ ಎಂದರೆ ನಾನು. ಕೆಳಗೆ ಆ ಹಿರಿಯ ಮೇಷ್ಟ್ರ ಸಹಿ. ಕೊನೆಯ ದಿನದ ತಾರೀಖು.

ಮೇಡಂಗೆ ತೋರಿಸಿದೆ. "ಹೂಂ, ಹೇಳಿದ್ರಲ್ಲ. ನಾನು ಅಲ್ಲೇ ಚಪ್ಪಲಿ ಹಾಕ್ಕೊಳ್ತಿದ್ದೆ. ಭುಜ ತಟ್ಟಿ ಹೇಳಿದ್ರಿ" ಎಂದರು. ಭುಜದ ವಿಷಯ ಕೇಳಿದ ಮೇಲೆ ನನ್ನ ಕೈಗೆ ಅಂಗಿಯ ಬಟ್ಟೆ ತಾಗಿದಂತೆಯೂ ಅನ್ನಿಸುತ್ತದೆ. ಅದು ನೆನಪೋ, ಮೇಡಂ ಹೇಳಿದ್ದರಿಂದ ಹುಟ್ಟಿದ್ದೋ, ನನಗೆ ಗೊತ್ತಿಲ್ಲ. ಬರಹದ ಆಧಾರ ಒಂದು, ಕಂಡವರ ಸಾಕ್ಷಿ ಒಂದು, ಎರಡೂ ಒಂದೇ ಮಾತು ಹೇಳುತ್ತವೆ. ಬೇರೆ ಯಾರದಾದರೂ ವಿಷಯವಾಗಿದ್ದರೆ ನಾನು ಆಗಲೇ ತೀರ್ಮಾನಿಸಿರುತ್ತಿದ್ದೆ. ಆ ಹಾಳೆಯನ್ನು ವರದಿಗೆ ಸೇರಿಸಲಿಲ್ಲ.

ಎರಡು ತಿಂಗಳ ನಂತರ ಹೊಸ ತಂಡದ ಜೊತೆ ಅದೇ ಮೆಟ್ಟಿಲ ಮೇಲೆ ನಿಂತಿದ್ದೆ. ನೆನಪನ್ನು ಆಧಾರವಾಗಿ ಬಳಸುವುದು ಹೇಗೆ ಎಂದು ಒಬ್ಬರು ಕೇಳಿದರು. ನಾನು ನೆರೆಯ ಕಥೆ ಹೇಳಿದೆ. ಅಪ್ಪನ ಹೆಗಲು, ಕೆಂಪು ನೀರು, ತೇಲಿ ಬಂದ ಬಂಡಿ. ಚೆನ್ನಾಗಿ ಹೇಳಿದೆ. ಅದೇ ಮೌನ ಬಂತು, ಈ ಸಲ ನನಗೆ.

"ಯಾರು ಹೇಳಿದ್ದು ಸಾರ್?"

"ಈ ಕಡೆಯ ಹಿರಿಯರೊಬ್ಬರು."

ಎಲ್ಲರೂ ಬರೆದುಕೊಂಡರು. ಒಂದು ಕಾರ್ಡೂ ಏಳಲಿಲ್ಲ. ಎತ್ತಿನ ಜೋಕಿನವನು ಈಗ ನನ್ನ ಪಕ್ಕದಲ್ಲಿ ನಿಂತಿದ್ದ. ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೊಗ ಸಮೇತ ಅನ್ನೋದು ಬಿಟ್ರಿ ಸಾರ್. ಅದೇ ಚಲೋ ಇತ್ತು."

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಹಾಜರಿ ಪಟ್ಟಿ ಮಡಚುತ್ತಾ ಅಂದರು: "ಅವ್ರನ್ನೇ ಕರೆಸ್ಬೋದಿತ್ತಲ್ರೀ ಹೇಳಾಕೆ. ಇನ್ನೂ ಸರ್ವೀಸಲ್ಲೇ ಅದಾರೆ. ಲೋಕಿಕೆರೆ ಏನು ದೂರಾನಾ?"

"ಹೌದು, ಕರೆಸಬಹುದಿತ್ತು" ಎಂದೆ.

ಮೇಷ್ಟ್ರ ನಿವೃತ್ತಿಗೆ ಮೊದಲು ಇನ್ನೂ ಒಂದು ತಂಡ ಇತ್ತು. ಆ ಸಲವೂ ಕಥೆ ನಾನೇ ಹೇಳಿದೆ, ನೊಗ ಸಮೇತ.