ಆರ್ಗನ್ನಿನ ಮುಂದೆ ಇನ್ನಾಸಪ್ಪ

ಸರ್ರ್... ಸರ್ರ್... ಚನ್ನಪಟ್ಟಣದ ಆ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಬೊಂಬೆ ಕಡೆಯುವ ಸದ್ದಿನಿಂದ. ಹಗ್ಗ ಕಟ್ಟಿದ ಬಿಲ್ಲನ್ನು ಹಿಂದೆ ಮುಂದೆ ಎಳೆದರೆ ಹಾಲೆಮರದ ತುಂಡು ತಿರುಗುತ್ತಿತ್ತು. ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಉಳಿ. ಉಳಿ ಜಾರದಂತೆ ಒತ್ತಿ ಹಿಡಿಯುವುದು ಕಾಲ್ಬೆರಳುಗಳ ಕೆಲಸ. ಇನ್ನಾಸಪ್ಪ ಹತ್ತನೆಯ ವಯಸ್ಸಿನಿಂದಲೂ, ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ, ಓಣಿಯ ತುದಿಯ ಹುಸೇನ್ ಸಾಬರ ಬಳಿ ಆ ಕೆಲಸ ಮಾಡುತ್ತಿದ್ದ. ಭಾನುವಾರ ಮಾತ್ರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ.

ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಅವನ ಹೈಸ್ಕೂಲು ಮುಗಿಯಿತು. ತಂದೆಯಿಲ್ಲದ ಮನೆ. ಕೋಲಾರದ ಚಿನ್ನದ ಗಣಿಯಲ್ಲಿದ್ದ ಮಾವ ಅಲ್ಲೇ ಅವನಿಗೂ ಕೆಲಸ ಹೇಳಿಟ್ಟಿದ್ದ. ಊರಿಗೆ ಬಂದಾಗಲೆಲ್ಲ ಆ ಮಾವ ಬರೀ ಕೆಮ್ಮುತ್ತಿದ್ದ. ಅಷ್ಟರಲ್ಲಿ ಬೆಂಗಳೂರಿನ ಪಾದ್ರಿಗಳ ಕಾಲೇಜೊಂದರಿಂದ ಸುದ್ದಿ ಬಂತು: ಅಲ್ಲಿನ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ಒಬ್ಬ ಹುಡುಗನಿಗೆ ಓದು, ಹಾಸ್ಟೆಲ್ಲು ಎರಡೂ ಪುಕ್ಕಟೆ.

ಪರೀಕ್ಷೆಗೆ ಮೂವರು ಬಂದಿದ್ದರು. ಇನ್ನಾಸಪ್ಪ ಅಂಥ ವಾದ್ಯವನ್ನು ಕಂಡವನೇ ಅಲ್ಲ; ಅದು ಗೋಡೆಯಷ್ಟು ಎತ್ತರವಿತ್ತು. ಹಾರ್ಮೋನಿಯಮ್ಮಿಗೆ ಎಡಗೈಯಲ್ಲಿ ಗಾಳಿ ಹಾಕಬೇಕು. ಇಲ್ಲಿ ಆ ಕೆಲಸಕ್ಕೆ ಹಿಂದುಗಡೆ ಬೇರೊಬ್ಬ ಆಳೇ ಇದ್ದ. ಆದರೂ ಬಲಗೈ ನುಡಿಸತೊಡಗಿದ್ದೇ ತಡ, ಎಡಗೈ ತನ್ನಷ್ಟಕ್ಕೆ ಬರಿಗಾಳಿಯನ್ನು ತಳ್ಳತೊಡಗಿತು.

"ಲೇ, ನೋಡ್ಲಾ, ಸೊಳ್ಳೆ ಓಡಿಸ್ತಾವ್ನೆ!" ಬೆಂಚಿನ ಮೇಲಿದ್ದ ಹುಡುಗ ಕಿಸಕ್ಕೆಂದ.

ಇನ್ನಾಸಪ್ಪ ನಿಲ್ಲಿಸಿದ. ಗಣಿಯೇ ಗತಿ ಅನ್ನಿಸಿತು.

ಪರೀಕ್ಷೆ ಮಾಡುತ್ತಿದ್ದ ಮುದಿ ಫ್ರೆಂಚ್ ಪಾದ್ರಿ ನಗಲಿಲ್ಲ. ಪುಸ್ತಕದಿಂದ ಕಲಿತ ಕನ್ನಡದಲ್ಲಿ, "ಪಾದರಕ್ಷೆಗಳನ್ನು ತೆಗೆ. ಕೆಳಗಿರುವ ಮರದ ಪಟ್ಟಿಗಳೂ ಸ್ವರಗಳೇ. ನಾನು ಹಾಡುವೆನು, ನೀನು ತುಳಿ" ಎಂದರು.

ಬರಿಗಾಲಿಗೆ ಮರ ತಾಕಿತು. ಮೊದಲ ಎರಡು ಸ್ವರ ತಪ್ಪಿದವು. ಆಮೇಲೆ ಬೆರಳುಗಳು ನೋಡದೆಯೇ ಜಾಗ ಹುಡುಕಿಕೊಂಡವು. ನೆಲದೊಳಗಿಂದ ಬಂದಂತೆ ದಪ್ಪ ನಾದವೊಂದು ಎದ್ದು ಕಿಟಕಿಯ ಗಾಜು ಸಣ್ಣಗೆ ನಡುಗಿತು.

"ಈ ಕಾಲುಗಳಿಗೆ ಕಲಿಸಿದವರು ಯಾರು?"

"ಹುಸೇನ್ ಸಾಬ್ರು, ಸ್ವಾಮಿ. ಬೊಂಬೆ ಕಡೆಯೋರು."

"ಎಡಗೈಯನ್ನು ನಾನು ಒಂದು ವರ್ಷದಲ್ಲಿ ಪಳಗಿಸುವೆನು. ಕಾಲಿಗಾದರೆ ಮೂರು ವರ್ಷ ಬೇಕಿತ್ತು. ಜೂನ್ ತಿಂಗಳಿಗೆ ಬಾ."

ಮುಂದೆ ಮೇಷ್ಟರಾಗಿ ಮುದುಕರಾದ ಮೇಲೂ ಇನ್ನಾಸಪ್ಪ ಆ ದಿನದ ರೈಲಿನ ನಿದ್ದೆಯನ್ನು ನೆನೆಯುತ್ತಿದ್ದರು. ತಿಂಗಳಿಂದ ಬಾರದಿದ್ದ ನಿದ್ದೆ ಎಷ್ಟು ಗಾಢವಾಗಿ ಬಂತೆಂದರೆ, ತಮ್ಮೂರಿಗೆ ಮುಂಚಿನ ಕ್ಲೋಸ್‌ಪೇಟೆ ಸ್ಟೇಷನ್ನು ದಾಟಿದ್ದೇ ತಿಳಿಯಲಿಲ್ಲವಂತೆ.

ರೈಲಿಳಿದು ನೇರ ಬಂದವನನ್ನು ಕಂಡು ಹುಸೇನ್ ಸಾಬರು ಬಿಲ್ಲು ನಿಲ್ಲಿಸಿದರು. "ಏನ್ಲಾ, ಗಣಿಯೋ ಕಾಲೇಜೋ?"

"ಕಾಲೇಜು, ಸಾಬ್ರೇ. ಕಾಲ್ನಲ್ಲಿ ನುಡಿಸ್ದೆ."

"ದೇವರ ಮನೇಲಿ ಕಾಲ್ನಲ್ಲಾ? ಬೇವಕೂಫ್!" ಬೈದರೂ ಅವರ ಗಡ್ಡದ ತುಂಬ ನಗುವಿತ್ತು. "ಕೂತ್ಕೊ, ಚಾ ಕುಡಿ."

"ಇಲ್ಲ ಸಾಬ್ರೇ, ಅವ್ವಂಗೆ ಇನ್ನೂ ಗೊತ್ತಿಲ್ಲ. ಗಣಿ ಗಣಿ ಅಂತ ದಿನಾ ಅಳ್ತಾ ಕೂತವ್ಳೆ, ಒಸಿ ಓಡ್ಹೋಗಿ ಹೇಳ್ಬುಟ್ಟು..." ಅನ್ನುತ್ತಲೇ ಇನ್ನಾಸಪ್ಪ ಬಾಗಿಲು ದಾಟಿ ಮನೆಯ ಕಡೆ ಓಡಿದ.